ಕೇಳಿಸಲಿಲ್ಲ ಎಂದ ಆಟಗಾರ

ದೂರದ ಒಂದು ಪಟ್ಟಣ. ಅಲ್ಲಿ ಫುಟ್‌ಬಾಲ್ ಆಡಿಯೇ ಹೊಟ್ಟೆ ಹೊರೆಯುತ್ತಿದ್ದ ಒಬ್ಬ ಮನುಷ್ಯ. ಶ್ರೀಮಂತನಲ್ಲ, ಹೆಸರುವಾಸಿಯೂ ಅಲ್ಲ. ಪಟ್ಟಣ ಇದ್ದದ್ದು ವೇಲ್ಸ್ ದೇಶದಲ್ಲಿ. ನಾನು ದೇವಶಾಸ್ತ್ರ ಓದಲು ಹೋಗಿ ಅಲ್ಲಿ ಒಂದು ವರ್ಷ ಇದ್ದೆ. ಅವನು ಭಾನುವಾರ ಚರ್ಚಿನ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ. ಹೆಸರು ಎಮ್ಲಿನ್. ಈ ಕಥೆಯನ್ನು ಅವನೇ ನನಗೆ ಹೇಳಿದ, ಎಲ್ಲಿ ಬೇಕಾದರೂ ಹೇಳಿ ಎಂದ. ಅಲ್ಲಿಯವರ ಮಾತುಗಳನ್ನು ನಮ್ಮ ಧಾರವಾಡದ ಮಾತಿನಲ್ಲೇ ಹೇಳುತ್ತೇನೆ, ನಿಮಗೆ ಹತ್ತಿರವಾಗಲಿ.

ನೋಡಿ, ಫುಟ್‌ಬಾಲಿನಲ್ಲಿ ಗೋಲು ಹೊಡೆದವನಿಗೆ ಜೈಕಾರ, ಗೋಲು ತಡೆದವನಿಗೆ ಚಪ್ಪಾಳೆ. ನಡು ಮೈದಾನದಲ್ಲಿ ಆಡುವವನಿಗೆ? ಅವನಿಗೆ ಬರೀ ಓಟ. ಎಮ್ಲಿನ್ ಆ ನಡುವಿನವನು. ತಂಡವೂ ನಾಲ್ಕನೇ ದರ್ಜೆಯದು. ಆರು ತಾಸು ಬಸ್ಸಿನಲ್ಲಿ ಕೂತು ಹೋಗಿ, ಕೆಸರಿನಲ್ಲಿ ಆಡಿ, ಮತ್ತೆ ಆರು ತಾಸು ಬಸ್ಸು. ಪ್ರತಿ ಬೇಸಿಗೆಯಲ್ಲೂ ಒಂದೇ ಭಯ: ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುತ್ತಾರೋ, ಕಳಿಸಿಬಿಡುತ್ತಾರೋ?

ಅವನಿಗೆ ಇಪ್ಪತ್ನಾಲ್ಕು ವರ್ಷವಾದಾಗ, ವರ್ಷದ ಕೊನೆಯ ಪಂದ್ಯ. ಸಮವಾದರೂ ಸಾಕಿತ್ತು. ಸೋತರೆ ತಂಡ ದರ್ಜೆಯಿಂದಲೇ ಹೊರಗೆ. ಇನ್ನೇನು ಮೂರು ನಿಮಿಷ ಉಳಿದಿದೆ. ಎದುರಾಳಿ ಒದ್ದ ಚೆಂಡು ಎತ್ತರಕ್ಕೆ ಹಾರಿ ಇವರ ಗೋಲಿನ ಮುಂದೆ ಇಳಿಯುತ್ತಿದೆ. ಗೋಲ್‌ಕೀಪರ್ ಹವೆಲ್ ಮುಂದೆ ಓಡಿಬಂದು ಕೂಗಿದ: “ಬಿಡು! ನಂದು!”

ಎಮ್ಲಿನ್ ಕೇಳಿಸಿಕೊಂಡ. ಸ್ಪಷ್ಟವಾಗಿ ಕೇಳಿಸಿಕೊಂಡ. ಆದರೂ ಜಿಗಿದ. ತಾನೇ ತಂಡವನ್ನು ಉಳಿಸುತ್ತೇನೆ ಎಂಬ ಒಂದು ಕ್ಷಣದ ಆಸೆ. ಚೆಂಡು ಅವನ ಹಣೆಗೆ ತಾಗಿ, ಹವೆಲ್‌ನ ತಲೆಯ ಮೇಲಿಂದ ಹಾರಿ ಸ್ವಂತ ಗೋಲಿನೊಳಗೇ ಬಿತ್ತು.

ತಂಡ ಸೋತಿತು. ಬಟ್ಟೆ ಬದಲಿಸುವ ಕೋಣೆಯಲ್ಲಿ ಯಾರೂ ಬೂಟು ಬಿಚ್ಚಲಿಲ್ಲ. ತರಬೇತುದಾರ ಬಾಗಿಲು ಹಾಕಿಕೊಂಡು ಹವೆಲ್‌ನನ್ನು ಕೇಳಿದ: “ನೀ ಕೂಗಿದ್ಯೋ ಇಲ್ಲೋ?”

“ಕೂಗೀನ್ರಿ.”

ತರಬೇತುದಾರ ಎಮ್ಲಿನ್ ಕಡೆ ತಿರುಗಿದ. “ನಿನಗ ಕೇಳಿಸ್ತೇನು?”

ಆಗ ಮನೆಯಲ್ಲಿ ಎಮ್ಲಿನ್‌ನ ಹೆಂಡತಿ ಬಸುರಿ. ಅದೂ ಅವನ ತಲೆಯಲ್ಲಿತ್ತಂತೆ. ನೆಲ ನೋಡುತ್ತ ಅಂದ: “ಇಲ್ರಿ. ಕೇಳಿಸ್ಲಿಲ್ಲ.”

ಅಷ್ಟೇ. ಎರಡು ಮಾತು. ಯಾರನ್ನೂ ಬೈಯಲಿಲ್ಲ, ಯಾರ ಮೇಲೂ ದೂರು ಹೇಳಲಿಲ್ಲ. ಆದರೆ ಆ ಮಾತು ಕೋಣೆಯಿಂದ ಹೊರಗೆ ಹರಡಿತು; ಹವೆಲ್ ಕೂಗಲೇ ಇಲ್ಲ ಎಂದು ಪಟ್ಟಣವೆಲ್ಲ ಅವನಿಗೆ ‘ಮೂಗ’ ಎಂದು ಹೆಸರಿಟ್ಟಿತು. ಕ್ಲಬ್ಬು ಅವನನ್ನು ಬಿಟ್ಟಿತು. ಬಾಯಿ ತೆರೆಯದ ಗೋಲ್‌ಕೀಪರ್ ಬೇರೆ ಯಾವ ತಂಡಕ್ಕೆ ಬೇಕು? ಅವನು ಬ್ರೆಡ್ ಹಂಚುವ ವ್ಯಾನು ಓಡಿಸತೊಡಗಿದ. ಮುಂದೆ ಅವನಿಗೊಬ್ಬ ಮಗಳು ಹುಟ್ಟಿದಳು. ಶಾಲೆಯಲ್ಲಿ ಅವಳನ್ನು ‘ಮೂಗನ ಮಗಳು’ ಎಂದೇ ಕರೆದರು.

ಎಮ್ಲಿನ್? ಅವನು ಇನ್ನೂ ಹದಿಮೂರು ವರ್ಷ ಆಡಿದ. ಐದು ತಂಡ, ನಾನೂರಕ್ಕೂ ಹೆಚ್ಚು ಪಂದ್ಯ. ಕೊನೆಗೆ ಅದೇ ಹಳೆಯ ಕ್ಲಬ್ಬಿಗೆ ಬಂದು ಆಟ ಮುಗಿಸಿದ. ಪ್ರಾಮಾಣಿಕ ಆಟಗಾರ ಎಂದು ಬೀಳ್ಕೊಡುಗೆ ಸಮಾರಂಭ ಇಟ್ಟರು. ಕರೆಯೋಲೆಯಲ್ಲಿ ಆ ‘ಪ್ರಾಮಾಣಿಕ’ ಎಂಬ ಪದ ಓದಿದಾಗ ಅವನಿಗೆ ಊಟ ಸೇರಲಿಲ್ಲ. ಹಿತ್ತಲ ಬಾಗಿಲಿನಿಂದ ಹವೆಲ್‌ನ ಮನೆಗೆ ಹೋದ. ಹಿತ್ತಲ ಬಾಗಿಲಿನಿಂದ, ನೆನಪಿಡಿ. ಅಡುಗೆಮನೆಯಲ್ಲಿ ನಿಂತು ಎಲ್ಲ ಹೇಳಿ ಅತ್ತ.

ಹವೆಲ್ ಅಂದ: “ನಾ ಕೂಗಿದಾಗ ನೀ ಒಮ್ಮೆ ಹಿಂದ ನೋಡಿದಿ. ಆವತ್ತೇ ಗೊತ್ತಿತ್ತು ನನಗ.”

ಹವೆಲ್‌ನ ಹೆಂಡತಿ ನೆಸ್ಟಾ ಒಲೆಯ ಕಡೆಯಿಂದ ತಿರುಗಿ ಕೂಡ ನೋಡಲಿಲ್ಲ. “ಇಲ್ಲೆ ಯಾಕ ಹೇಳ್ತೀಯಪಾ? ಈ ಮನ್ಯಾಗಿದ್ದವ್ರಿಗೆ ಎಲ್ಲಾ ಗೊತ್ತೈತಿ. ಗೊತ್ತಿಲ್ದವ್ರು ಹೊರಗ ಅದಾರ.”

ಸಮಾರಂಭದ ದಿನ ಮುನ್ನೂರು ಜನ. ಎಮ್ಲಿನ್ ಕೈಗೆ ಮೈಕು ಬಂತು. ಎಲ್ಲರಿಗೂ ವಂದನೆ ಹೇಳಿದ. ಹುಲ್ಲು ಕತ್ತರಿಸುವವನಿಗೂ ಹೇಳಿದ. ಹವೆಲ್ ಹೆಸರು ನಾಲಿಗೆಯ ತುದಿಗೆ ಬಂತು. ಜನ ಎದ್ದು ಚಪ್ಪಾಳೆ ತಟ್ಟಿದರು. ಅವನು ಕೂತುಬಿಟ್ಟ. ಆ ಚಪ್ಪಾಳೆ ಇವತ್ತಿಗೂ ಮೈ ಸುಡುತ್ತದೆ ಎಂದು ನನಗೆ ಹೇಳುವಾಗ, ನಲವತ್ತು ದಾಟಿದ ಆ ಗಂಡಸು ಮುಖ ಮುಚ್ಚಿಕೊಂಡ.

ಮತ್ತೆ ಒಂದು ವರ್ಷ ಬೇಕಾಯಿತು. ಒಂದು ಶನಿವಾರ, ಪಂದ್ಯದ ನಡುವಿನ ವಿರಾಮದಲ್ಲಿ, ಮೈದಾನಕ್ಕೆ ಇಳಿದು ಮೈಕು ಕೇಳಿ ಪಡೆದ. “ಹವೆಲ್ ಕೂಗಿದ್ದ. ನನಗ ಕೇಳಿಸಿತ್ತು. ನಾ ಸುಳ್ಳ ಹೇಳಿದ್ದೆ.” ಅರ್ಧ ಜನ ಚಹಾದ ಸಾಲಿನಲ್ಲಿದ್ದರು. ಕೇಳಿಸಿಕೊಂಡವರು ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬ ಮುದುಕ ಅವನ ಮುಂದೆಯೇ ಉಗುಳಿ ಹೋದ.

ಮುಂದಿನ ಶನಿವಾರ ಹವೆಲ್ ಮಗಳ ಕೈ ಹಿಡಿದು ಮೈದಾನಕ್ಕೆ ಬಂದ. ಮುಂಬಾಗಿಲಿನಿಂದಲೇ ಬಂದು, ಗೋಲಿನ ಹಿಂದೆ ನಿಂತು ಪೂರ್ತಿ ಪಂದ್ಯ ನೋಡಿದ. ಅವನೂ ಎಮ್ಲಿನ್‌ನೂ ಅಪ್ಪಿಕೊಂಡರು ಎಂದು ಹೇಳಿದರೆ ನಿಮಗೆ ಹಿತವಾಗುತ್ತಿತ್ತು, ಅಲ್ಲವೇ? ಅಪ್ಪಿಕೊಳ್ಳಲಿಲ್ಲ. ಹವೆಲ್ ಅವನ ಕಡೆ ನೋಡಲೂ ಇಲ್ಲ. ಆದರೆ ಆ ಮಗಳು ತಲೆಯೆತ್ತಿ ನಿಂತಿದ್ದಳಂತೆ.

ಪ್ರಿಯರೇ, ನಾವು ಹೇಗೆ ಕ್ಷಮೆ ಕೇಳುತ್ತೇವೆ? ಮದುವೆ ಮನೆಯಲ್ಲಿ ನೂರು ಜನರ ಎದುರು ಒಬ್ಬರ ಮಾನ ಕಳೆಯುತ್ತೇವೆ, ಆಮೇಲೆ ಫೋನಿನಲ್ಲಿ ಮೆಲ್ಲಗೆ ‘ತಪ್ಪಾಯ್ತು’ ಎನ್ನುತ್ತೇವೆ. ಅದು ಕ್ಷಮೆಯೇ? ಅದು ಹಿತ್ತಲ ಬಾಗಿಲು!

ನಗಬೇಡಿ. ಕಳೆದ ವಾರ್ಷಿಕ ಸಭೆಯಲ್ಲಿ, ಇದೇ ಜಾಗದಲ್ಲಿ ನಿಂತು, ಹಾರ್ಮೋನಿಯಂ ಮಳೆಗೆ ನೆಂದು ಹಾಳಾಗಿದ್ದಕ್ಕೆ ನಮ್ಮ ಗಂಟೆ ಬಾರಿಸುವ ಸತ್ಯವಂತಪ್ಪನವರ ಅಜಾಗರೂಕತೆ ಕಾರಣ ಎಂದೆ. ಕಿಟಕಿ ತೆರೆದಿಟ್ಟವನು ನಾನು. ಮರುವಾರ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಚಹಾ ಕೊಟ್ಟರು. ಕುಡಿದು ಬಂದೆ. ನಿಮಗೆ ಯಾರಿಗೂ ಹೇಳಲಿಲ್ಲ. ಎಂಟು ತಿಂಗಳು ಆ ಮನುಷ್ಯ ನಿಮ್ಮ ಕಣ್ಣಲ್ಲಿ ತಪ್ಪಿತಸ್ಥರಾಗಿ ಗಂಟೆ ಬಾರಿಸಿದರು, ಅದನ್ನು ಕೇಳಿಸಿಕೊಂಡು ನಾನು ನಿಮಗೆ ಬೋಧಿಸಿದೆ. ನನಗೆ ನಾಚಿಕೆಯಾಗುತ್ತಿದೆ.

ಈ ವಾರ ನೀವು ಮಾಡಬೇಕಾದದ್ದು ಇದು. ಒಬ್ಬರ ಹೆಸರನ್ನು ಎಲ್ಲಿ ಕೆಡಿಸಿದಿರೋ ಅಲ್ಲಿಗೇ ಹೋಗಿ, ಆವತ್ತು ಕೇಳಿದವರ ಮುಂದೆಯೇ ಸರಿಪಡಿಸಿ. ಓಣಿಯಲ್ಲಿ ಆಡಿದ್ದನ್ನು ಓಣಿಯಲ್ಲಿ, ಅಂಗಡಿಯಲ್ಲಿ ಆಡಿದ್ದನ್ನು ಅಂಗಡಿಯಲ್ಲಿ. ಮುಖ ಕೆಂಪಾಗಲಿ, ಪರವಾಗಿಲ್ಲ. ಆರಾಧನೆ ಮುಗಿದ ಮೇಲೆ ನಿಮ್ಮನ್ನು ಬೀಳ್ಕೊಡಲು ನಾನು ಪ್ರತಿ ವಾರ ನಿಲ್ಲುವ ಬಾಗಿಲಲ್ಲಿ ಇವತ್ತು ನಾನಿರುವುದಿಲ್ಲ. ಅಲ್ಲಿ ಸತ್ಯವಂತಪ್ಪನವರು ನಿಂತಿರುತ್ತಾರೆ. ಅವರ ಕೈ ಹಿಡಿದು ಮಾತಾಡಿಸಿ ಮನೆಗೆ ಹೋಗಿ.