ಬಾಗಿಲ ಹತ್ತಿರದ ಜಾಗ

ಚಿಕ್ಕೋಡಿ ಬಸ್‌ಸ್ಟ್ಯಾಂಡಿನಲ್ಲಿ ಚನ್ನವ್ವ ಏಕಸಂಬಿ ಬಸ್ಸಿಗೆ ಕಾಯುತ್ತಿದ್ದಳು. ಪಕ್ಕದಲ್ಲಿ ಬಲಗೈಗೆ ದಪ್ಪ ಪಟ್ಟಿ ಸುತ್ತಿಕೊಂಡ ಗಂಡಸೊಬ್ಬ, ಅವನ ಜೊತೆ ಹರೆಯದ ಹೆಂಗಸೊಬ್ಬಳು ಕೂತಿದ್ದರು. ಮೇವು ಕತ್ತರಿಸುವ ಮಷೀನಿಗೆ ಅವನ ಮೂರು ಬೆರಳು ಹೋಗಿದ್ದವೆಂದು ಅವರ ಮಾತಿನಿಂದಲೇ ಚನ್ನವ್ವನಿಗೆ ತಿಳಿಯಿತು.

“ಸುಜಾತಾ, ರವಿವಾರ ಚರ್ಚಿನ್ಯಾಗ ಢೋಲಕ್ ಯಾರು ಬಾರಿಸಿದ್ರು?”

“ಸಂಜಯ ಬಾರಿಸಿದ, ಮಲಕಾರಿ ಅಣ್ಣಾ.”

“ಅಂವಾ ತಾಳ ಓಡಸ್ತಾನ. ಬರೋ ವಾರ ನಾ ಅವನ ಬಾಜೂಕ ಕುಂತು ಹೇಳತೀನಿ.”

ಸುಜಾತಾ ಸೆರಗಿನ ತುದಿ ತಿರುವುತ್ತ ಕೂತಳು.

“ಪಾಸ್ಟರ್ ಬ್ಯಾಡ ಅಂದಾರ. ಹಾಡೋರು ಎಲ್ಲಾರ ಎದುರಿಗೇ ಇರತೀವಿ. ಹೊಸಾ ಮಂದಿ ನಿಮ್ಮ ಕೈ ನೋಡಿ, ದೇವರು ಇವನ್ನ ಯಾಕ ಕಾಯಲಿಲ್ಲ ಅಂತ ಕೇಳತಾರಂತ.”

“ಮತ್ತ ನಾ ಎಲ್ಲಿ ಕುಂದ್ರಲಿ?”

“ಹಿಂದ, ಬಾಗಲ ಹಂತ್ಯಾಕ.”

“ಹನ್ನೊಂದ ವರ್ಷ ಢೋಲಕ್ ಹಿಡಕೊಂಡು ಮುಂದ ಕುಂತೇನವಾ.”

“ಗೊತ್ತೈತಿ.”

“ಅವರು ಹಂಗ ಅಂದಾಗ ನೀ ಏನಂದಿ?”



“ಸುಮ್ನಿದ್ನಿ, ಅಣ್ಣಾ. ನನಗೂ ಹಾಡಬ್ಯಾಡ ಅಂದ್ರ ಅಂತ ಅಂಜಿಕಿ ಬಂತು.”

ಅಷ್ಟರಲ್ಲಿ ರಾಯಬಾಗದ ಬಸ್ ಬಂದು ನಿಂತಿತು. ಇಬ್ಬರೂ ಎದ್ದರು. ಸುಜಾತಾ ಅವನ ಕೈಚೀಲ ಎತ್ತಿಕೊಂಡಳು. ಮಲಕಾರಿ ಎಡಗೈ ಚಾಚಿ ಅದನ್ನು ಮೆಲ್ಲಗೆ ಇಸಿದುಕೊಂಡ.

“ನೀ ಮುಂದಿನ ಬಸ್ಸಿಗೆ ಬಾ, ತಂಗಿ,” ಅಂದ.

ದನಿಯಲ್ಲಿ ಸಿಟ್ಟಿರಲಿಲ್ಲ. ಅವನು ಮೊಣಕೈಯನ್ನು ಬಾಗಿಲ ಸರಳಿಗೆ ಸಿಕ್ಕಿಸಿ, ತಡವರಿಸುತ್ತ ಮೆಟ್ಟಿಲು ಹತ್ತಿದ. ಬಸ್ ಹೊರಟುಹೋದರೂ ಸುಜಾತಾ ನಿಂತಲ್ಲೇ ನಿಂತಿದ್ದಳು.