ಐಸಿನಲ್ಲಿ ಒಗೆಯುವ ಮಷಿನ್

ನ್ಯೂ ಲಿನ್ ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಇಬ್ಬರು ಹೆಂಗಸರು ಕೂತಿದ್ದರು. ಹಿರಿಯರ ಮಾತು ಧಾರವಾಡದ್ದು. ಕಿರಿಯಳು ಅವರನ್ನು ಆಂಟಿ ಅನ್ನುತ್ತಿದ್ದಳು. ಈ ಪರದೇಶದಲ್ಲಿ ನನಗೂ ಕನ್ನಡ ಬರುತ್ತದೆಂದು ಇಬ್ಬರಿಗೂ ಗೊತ್ತಿರಲಿಲ್ಲ.

"ನಿಧಿ, ನಮ್ಮ ಗ್ಯಾರೇಜಿನಾಗ ಬಾಡಿಗಿಗೆ ಅದಾನಲ್ಲ ಸುಮುಖ, ಅವ ಹಳೇ ವಾಷಿಂಗ್ ಮಷಿನ್ ಒಂದು ತಂದು ಬಿಚ್ಯಾನ."

"ರಿಪೇರಿ ಮಾಡ್ತಿರಬೇಕು, ಆಂಟಿ."

"ಹೀಟರ್ ಕಿತ್ತು ಒಗದಾನ. ಸುತ್ತಲೂ ಥರ್ಮಾಕೋಲ್ ಹಚ್ಯಾನ. ವಾರಕ್ಕ ಆರು ಚೀಲ ಐಸ್ ತರ್ತಾನ. ಐಸಿನಾಗ ಯಾರು ಅರಬಿ ಒಗೀತಾರ?"

"ನೀವು ಕೇಳಲಿಲ್ವಾ?"

"ಕೇಳಿದೆ. ಸ್ವೆಟರ್ ಒಗ್ಯಾಕ ಅಂದ. ಅವನ ಹಂತ್ಯಾಕ ಇರೋದು ಒಂದ ಸ್ವೆಟರ್."

"ವಾಸನೆ ಏನಾದ್ರೂ?"

"ಹಸಿ ಸೊಪ್ಪಿನ ವಾಸನಿ. ನಾ ಮೆಂತ್ಯಾ ಅನ್ಕೊಂಡಿದ್ದೆ."

ನಿಧಿ ದನಿ ತಗ್ಗಿಸಿದಳು. "ಅದು ಗಾಂಜಾ, ಆಂಟಿ. ಐಸ್ ನೀರಲ್ಲಿ ತಿರುಗಿಸಿ, ಸಣ್ಣ ಜಾಲರಿ ಚೀಲದಲ್ಲಿ ಸೋಸಿ ಚರಸ್ ತೆಗೀತಾರೆ. ಅಂಥ ಚೀಲ ಇತ್ತಾ?"



"ಹಗ್ಗದ ಮ್ಯಾಲ ಒಣಗಿಸಿದ್ದ. ಭಾಳ ಛಲೋ ಅದಾವಂತ, ಅವಗ ಹೇಳದ ಒಂದು ತಗೊಂಡೆ."

"ಯಾಕೆ?"

"ಮೊಸರು ಕಟ್ಟಾಕ. ಗಣಪತಿ ಹಬ್ಬಕ್ಕ ಶ್ರೀಖಂಡ ಮಾಡಿದ್ದೆನಲ್ಲ."

"ನಾನು ಎರಡು ಸಲ ಹಾಕಿಸ್ಕೊಂಡೆ, ಆಂಟಿ. ಸುಮುಖ ತಿಂದ್ನಾ?"

"ಯಾವ ಬಟ್ಟಿಯಾಗ ಕಟ್ಟಿದ್ರಿ ಅಂತ ಕೇಳಿದ. ಹೇಳಿದೆ. ಬಟ್ಟಲ ಕೆಳಗಿಟ್ಟು, ಇವತ್ತು ನನಗ ಉಪಾಸ ಅಂದ."

ಬಸ್ ಬಂತು. ಇಬ್ಬರೂ ಎದ್ದರು. ಮೆಟ್ಟಿಲು ಹತ್ತುತ್ತಾ ನಿಧಿ ಕೇಳಿದ್ದು ನನಗೂ ಕೇಳಿಸಿತು.

"ಗಣೇಶನ ಹಬ್ಬದ ದಿನ ಯಾರು ಆಂಟಿ ಉಪವಾಸ ಮಾಡ್ತಾರೆ?"