ಮೊದಲು ಬಂದವರ ಅಳತೆ

...ಇಲ್ಲಕ್ಕ, ಕೆಲಸ ಬಿಟ್ಟು ಬಂದೆ ಅಂದ್ರೆ ಬಿಟ್ಟು ಬಂದೆ! ರಜೆ ಅಲ್ಲ, ಅರ್ಧ ದಿನ ಅಲ್ಲ. ಕತ್ತಿನಲ್ಲಿದ್ದ ಕಾರ್ಡು ಬಿಚ್ಚಿ ಬಾಸ್ ಮೇಜಿನ ಮೇಲೆ ಬಿಸಾಕಿ, ಬಸ್ ಹತ್ತಿ ನೇರ ನಿನ್ನ ಅಂಗಡಿಗೆ ಬಂದೆ. ನೀನು ಮಷಿನ್ ನಿಲ್ಲಿಸಬೇಡ, ಹೊಲೀತಾ ಇರು. ನಿನ್ನ ಕಾಲು ಆಡ್ತಿದ್ರೆ ನನ್ನ ಬಾಯಿ ಆಡುತ್ತೆ.

ಎಲ್ಲಿ ಕೂರ್ಲಿ ಹೇಳು? ಇದೇನಕ್ಕ ಈ ರಾಶಿ! ಸ್ಟೂಲ್ ಮೇಲೆ ಬಟ್ಟೆ, ಕಿಟಕಿ ಮೇಲೆ ಬಟ್ಟೆ, ಇಸ್ತ್ರಿ ಮೇಜು ಕಾಣ್ತಾನೇ ಇಲ್ಲ. ಊರವರ ಬಟ್ಟೆಯೆಲ್ಲ ಈ ವಾರದಲ್ಲೇ ಮುಗಿಸ್ತೀನಿ ಅಂತ ಯಾರಿಗಾದ್ರೂ ಮಾತು ಕೊಟ್ಟಿದ್ದೀಯಾ? ಏನು ನಗ್ತೀಯ? ಸರಿ ಬಿಡು, ನೆಲದ ಮೇಲೇ ಕೂರ್ತೀನಿ, ಈ ಚಿಂದಿ ಮೂಟೆಗೆ ಒರಗಿಕೊಂಡು.

ಥೂ! ಅಸಹ್ಯ ಅಕ್ಕ, ಅಸಹ್ಯ! ಎಂಥ ಆಫೀಸು ಅದು! ಆ ತಣ್ಣನೆ ಗಾಳಿ, ಕಾರ್ಪೆಟ್ಟಿನ ಮುಗ್ಗಲು ವಾಸನೆ, ಗೋಡೆ ಮೇಲೆ ದಪ್ಪ ಅಕ್ಷರದಲ್ಲಿ ‘ವೇಗವೇ ನಮ್ಮ ಉಸಿರು’ ಅಂತ ಬೋರ್ಡು. ಉಸಿರಂತೆ! ಆ ಬೋರ್ಡಿನ ಕೆಳಗೆ ಕೂತು ನಾನು ಹನ್ನೊಂದು ವರ್ಷ ಉಸಿರಾಡಿದೀನಲ್ಲ, ನನಗೆ ನಾಚಿಕೆ ಆಗಬೇಕು.

ಏನಾಯ್ತು ಅಂತ ಹೇಳ್ತೀನಿ, ತಾಳು. ಆದ್ರೆ ನನ್ನ ಕೆಲಸ ಏನು ಅಂತ ನಿನಗೆ ಇನ್ನೂ ಗೊತ್ತಿಲ್ಲ. ‘ನನ್ನ ತಮ್ಮ ಕಂಪ್ಯೂಟರ್ ರಿಪೇರಿ ಮಾಡ್ತಾನೆ’ ಅಂತ ನೀನು ಪಕ್ಕದ ಅಂಗಡಿಯವರಿಗೆ ಹೇಳಿ, ಅವರು ಒಂದು ದಿನ ಮಿಕ್ಸಿ ತಂದು ನನ್ನ ಕೈಗೆ ಕೊಟ್ಟಿದ್ರು. ನಗಬೇಡ! ನೋಡು, ಬೇರೆಯವರ ವೆಬ್‌ಸೈಟ್‌ಗಳನ್ನ ನಮ್ಮ ಮಷಿನ್‌ಗಳಲ್ಲಿ ಇಟ್ಟುಕೊಳ್ಳೋದು ನಮ್ಮ ಕಂಪನಿ ಕೆಲಸ. ಅಂಗಡಿ, ಶಾಲೆ, ಆಸ್ಪತ್ರೆ, ಎಲ್ಲರದ್ದೂ. ಬರೀ ಮಷಿನ್ ಇದ್ರೆ ಸಾಲದು. ಬಾಗಿಲಲ್ಲಿ ಒಬ್ಬ ಆಳು ಬೇಕಲ್ಲ? ಯಾರು ಬಂದ್ರು, ಯಾವ ಪುಟ ಬೇಕು ಅಂತ ಕೇಳಿ ಒಳಗಿಂದ ತಂದು ಕೊಡೋನು. ಅವನೇ ಸರ್ವರ್ ಸಾಫ್ಟ್‌ವೇರ್. ನಮ್ಮಲ್ಲಿ ಇದ್ದವನು ಹಳಬ. ನಿಧಾನ, ಆದ್ರೆ ಕೇಳಿದ್ದನ್ನೇ ತಂದುಕೊಡ್ತಿದ್ದ. ನಾಲ್ಕು ತಿಂಗಳ ಹಿಂದೆ ಮಾರ್ಕೆಟ್ಟಿಗೆ ಹೊಸಬ ಬಂದಿದ್ದ. ಇಬ್ಬರಲ್ಲಿ ಯಾರನ್ನ ಇಟ್ಟುಕೊಳ್ಳೋದು? ಇಷ್ಟೇ ಜಗಳ. ಇದಕ್ಕೇ ಇಷ್ಟೆಲ್ಲ...

ನಮ್ಮ ಬಾಸ್ ಗೊತ್ತಲ್ಲ, ಮಿಂಚು? ಆ ಹೆಸರು ನಾವೇ ಇಟ್ಟಿದ್ದು. ಅವನಿಗೆ ಎಲ್ಲ ಮಿಂಚಿನ ಹಾಗೆ ಆಗಬೇಕು. ಊಟ ನಿಂತ್ಕೊಂಡೇ. ಮೆಟ್ಟಿಲು ಎರಡೆರಡು ಹಾರಿ ಮೇಲೆ ಹೋಗಿ, ಬಾಗಿಲು ತಳ್ಳೋದೋ ಎಳೆಯೋದೋ ನೋಡದೆ ಗಾಜಿಗೆ ಮೂತಿ ಹೊಡ್ಕೋತಾನೆ. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಪೈಕಿ. ಹೊಸದು ಹತ್ತು ಪಟ್ಟು ಜೋರು ಅಂತ ಯಾರೋ ಅವನ ಕಿವಿಗೆ ಊದಿದ್ರು. ಸರಿ, ಕುಣಿಯೋಕೆ ಶುರು.

ಬೇಡ ಅಂದೋನು ಒಬ್ಬನೇ, ತಾತ. ನಮ್ಮ ಆಫೀಸಿನ ತಾತ ಅಕ್ಕ, ವಯಸ್ಸು ನಲವತ್ತಾರು. ಏನು ಕೇಳಿದ್ರೂ ‘ತಡಿ, ನೋಡೋಣ’ ಅಂತಾನೆ, ಅದಕ್ಕೇ ತಾತ. ಅವನು ಹೇಳಿದ, ‘ಒಂದೇ ಪುಟನ ಹತ್ತು ಸಾವಿರ ಸಲ ತೆಗೆದು ನೋಡೋದು ಪರೀಕ್ಷೆ ಅಲ್ಲ. ಬೇರೆ ಬೇರೆ ಜನ, ಅವರವರ ಪುಟ ಕೇಳಿದಾಗ ಹೇಗೆ ಕೊಡುತ್ತೆ ಅದನ್ನ ನೋಡಿ’ ಅಂತ. ಎಲ್ಲರೂ ನಕ್ಕರು. ನಾನೂ... ನಕ್ಕೆ ಅನ್ಸುತ್ತೆ.

ಪಂದ್ಯ ಇಟ್ಟರು ಅಕ್ಕ! ಮೀಟಿಂಗ್ ರೂಮಲ್ಲಿ ಎರಡು ಮಷಿನ್, ಗೋಡೆ ಮೇಲೆ ದೊಡ್ಡ ಪರದೆ, ಅದರಲ್ಲಿ ಓಡೋ ಅಂಕಿ. ದೊಡ್ಡ ದೊಡ್ಡ ಗಂಡಸರು, ತಲೆ ನರೆತವರು, ಕುರ್ಚಿ ಮೇಲೆ ಹತ್ತಿ ‘ಓಡು, ಓಡು’ ಅಂತ ಕೂಗ್ತಿದ್ರು. ಒಂದು ಪುಟ ತರೋಕೆ ಹಳೇದು ಎರಡು ಸೆಕೆಂಡು. ಹೊಸದು ಒಂದೂವರೆ. ಅಷ್ಟೇ! ಮಿಂಚು ಮುಖ ಗಾಳಿ ಬಿಟ್ಟ ಬಲೂನ್ ಹಾಗಾಯ್ತು. ‘ಇಷ್ಟಕ್ಕಾ ಇದನ್ನ ತಂದಿದ್ದು?’ ಅಂತ ತಿರುಗಿ ನೋಡಿದ. ಹೊಸದನ್ನ ತಂದವರ ಕಡೆಗೆ.

ತಂದವರು ಯಾರು ಅಂತೀಯಾ? ಯಾರೋ... ನಮ್ಮ ಟೀಮಿನವರೇ. ಅದು ಇರಲಿ.

ಅಕ್ಕ, ಕತ್ತರಿ ಯಾಕೆ ಎಡಗೈಲಿ ಹಿಡಿದಿದ್ದೀಯ? ನೀನು ಎಡಚಿ ಅಲ್ಲವಲ್ಲ. ಭುಜ ಕುಣಿಸಿ ತೋರಿಸಬೇಡ, ಅಷ್ಟಕ್ಕೇ ಮುಖ ಕಿವುಚಿದೆ, ನಾನು ನೋಡಿದೆ. ಬಲಗೈ ನೋವಾ? ಎಷ್ಟು ದಿನದಿಂದ? ...ಹೂಂ. ಹೊಲಿದು ಹೊಲಿದು ಹಿಡ್ಕೊಂಡಿರುತ್ತೆ. ಅಷ್ಟೇ ಇರುತ್ತೆ. ಅಲ್ವಾ?

ಎಲ್ಲಿದ್ದೆ? ಹಾಂ, ಸೆಟ್ಟಿಂಗ್. ಮಾರನೇ ದಿನ ಬೆಳಿಗ್ಗೆ ಅವರು ಹೊಸದರಲ್ಲಿ ಒಂದು ಸೆಟ್ಟಿಂಗ್ ಬದಲಾಯಿಸಿದ್ರು. ನಿನಗೆ ಅರ್ಥ ಆಗೋ ಹಾಗೆ ಹೇಳ್ತೀನಿ. ನೀನು ಒಬ್ಬೊಬ್ಬರಿಗೂ ಅಳತೆ ತಗೊಂಡು ಹೊಲೀತೀಯಲ್ಲ? ಅದಕ್ಕೇ ಹೊತ್ತಾಗುತ್ತೆ. ಈಗ ಯಾರೋ ಬಂದು ‘ಅಳತೆ ಬೇಡ, ಮೊದಲು ಬಂದವರಿಗೆ ಹೊಲಿದ ಬಟ್ಟೆನೇ ಎತ್ತಿಟ್ಟುಕೋ, ಆಮೇಲೆ ಯಾರು ಬಂದ್ರೂ ಅದನ್ನೇ ಕೊಡು’ ಅಂದ್ರೆ? ಜೋರಾಗೇ ಜೋರು! ಕಣ್ಣು ಮಿಟುಕಿಸೋದ್ರೊಳಗೆ ಕೈಗೆ ಬಟ್ಟೆ. ಎಲ್ಲರಿಗೂ ಒಂದೇ ಪುಟ ಇರೋ ಕಡೆ ಅದು ತಪ್ಪಲ್ಲ ಅಕ್ಕ. ಅಂಗಡಿ ವಿಳಾಸ, ಶಾಲೆ ಬಾಗಿಲು ತೆರೆಯೋ ಸಮಯ, ಅಂಥದ್ದಕ್ಕೆಲ್ಲ ಎಲ್ಲರೂ ಹಾಗೇ ಮಾಡ್ತಾರೆ. ಆದ್ರೆ ಇವರು ಎಲ್ಲ ಪುಟಕ್ಕೂ ಅದನ್ನೇ ಹಾಕಿದ್ರು. ಕೇಳಿದವರ ಗುರುತಿನ ನಂಬರ್ ನೋಡಬೇಡ, ಇಟ್ಕೊಂಡಿದ್ದನ್ನ ಕೊಟ್ಟು ಕಳಿಸು ಅಂತ.

ಆ ದಿನದ ಎರಡನೇ ಪಂದ್ಯಕ್ಕೆ ನಿಜವಾದ ಸೈಟೇ ಬೇಕು ಅಂತ ಮಿಂಚು ಹಟ ಹಿಡಿದ. ಒಂದು ಲ್ಯಾಬ್‌ದು ಹಾಕಿದ್ರು. ಜನ ರಕ್ತ, ಗಂಟು, ಅದು ಇದು ಪರೀಕ್ಷೆಗೆ ಕೊಡ್ತಾರಲ್ಲ, ಆಮೇಲೆ ಫೋನಿಗೆ ಒಂದು ಲಿಂಕ್ ಬರುತ್ತಲ್ಲ, ಅಂಥದ್ದು. ಒತ್ತಿದ್ರೆ ಒಂದು ಪುಟ. ಬೇರೆಯವರು ನೋಡಬಾರದು ಅಂತ ಹೆಸರೂ ಇರಲ್ಲ ಅದರಲ್ಲಿ. ‘ದೋಷ ಇಲ್ಲ, ಮತ್ತೆ ಬರಬೇಕಾಗಿಲ್ಲ’ ಅಂತಲೋ, ಇಲ್ಲ ‘ಕೂಡಲೇ ಬನ್ನಿ’ ಅಂತಲೋ. ಅಷ್ಟೇ ಇರೋದು.

ಮೊದಲು ಒತ್ತಿದವರು ಯಾರೋ ಪುಣ್ಯವಂತರು. ಅವರಿಗೆ ದೋಷ ಇರಲಿಲ್ಲ.

ಪಂದ್ಯ ನಡೆದಿದ್ದು ಹನ್ನೊಂದರಿಂದ ಹನ್ನೊಂದು ನಲವತ್ತರ ತನಕ. ನಲವತ್ತು ನಿಮಿಷ ಅಕ್ಕ, ಹದಿನೇಳು ಜನ. ಆ ಹದಿನೇಳು ಜನಕ್ಕೂ ಅದೇ ಪುಟ...

ಯಾಕೆ ನಿಲ್ಲಿಸಿದೆ? ದಾರ ತುಂಡಾಯ್ತಾ? ಇಲ್ವಲ್ಲ, ಸೂಜಿಯಲ್ಲೇ ಇದೆ. ಹೊಲಿ ಅಕ್ಕ, ಹೊಲಿ. ಮಷಿನ್ ನಿಂತ್ರೆ ನಾನು ಹೇಳೋದು ನನಗೇ ಕೇಳಿಸುತ್ತೆ.

ಎಂಥ ಕೊಳಕು ಜನ ನೋಡು! ಮಧ್ಯಾಹ್ನದ ಹೊತ್ತಿಗೆ ತಪ್ಪು ಗೊತ್ತಾಯ್ತು. ಸೆಟ್ಟಿಂಗ್ ಸರಿ ಮಾಡಿದ್ರು. ಆ ಹದಿನೇಳು ಜನರ ಪಟ್ಟಿ ಮಷಿನ್‌ನಲ್ಲೇ ಇತ್ತು. ಫೋನ್ ಮಾಡಿ ‘ನೀವು ನೋಡಿದ್ದು ನಿಮ್ಮದಲ್ಲ, ಇನ್ನೊಂದು ಸಲ ನೋಡಿ’ ಅಂದಿದ್ರೆ ಆಗ್ತಿತ್ತು. ಹದಿನೇಳು ಫೋನು! ಅರ್ಧ ಗಂಟೆ ಕೆಲಸ. ಮಾಡಿದ್ರಾ? ಪಟ್ಟಿನೇ ಅಳಿಸಿಬಿಟ್ರು. ಯಾರ್ಯಾರು ಇದ್ದಾರೆ ಅಂತ ಓದಲೂ ಇಲ್ಲ. ಓದಿದ್ರೆ ಮುಖಗಳು ಕಾಣುತ್ತಲ್ಲ, ಅದಕ್ಕೆ. ‘ಹೆಚ್ಚಿನವರಿಗೆ ಹೇಗೂ ದೋಷ ಇರಲ್ಲ’ ಅಂತ ತಮಗೆ ತಾವೇ ಸಮಾಧಾನ ಹೇಳ್ಕೊಂಡು, ಕೈ ತೊಳ್ಕೊಂಡು ಊಟಕ್ಕೆ ಕೂತ್ರು. ಛೀ! ಊಟ ಹೇಗೆ ಇಳೀತೋ! ಆ ಸಂಜೆನೇ ಹೊಸದು ಖಾಯಂ ಆಯ್ತು, ಒಬ್ಬರಿಗೆ ದೊಡ್ಡ ಕುರ್ಚಿ ಸಿಕ್ತು, ತಾತನ್ನ ಮೂಲೆಗೆ ಕೂರಿಸಿದ್ರು.

ಇವತ್ತು ಬೆಳಿಗ್ಗೆ ತಾತ ಒಂದು ಹಾಳೆ ತಂದು ನನ್ನ ಮೇಜಿನ ಮೇಲೆ ಇಟ್ಟ. ಆ ಪಟ್ಟಿದು ಇನ್ನೊಂದು ಪ್ರತಿ ಎಲ್ಲೋ ಉಳಿದಿತ್ತಂತೆ, ಹುಡುಕಿ ತೆಗೆದಿದ್ದಾನೆ. ನಾಲ್ಕು ತಿಂಗಳು ಆದ್ಮೇಲೆ ಈಗ ಯಾಕೆ ಹುಡುಕಿದ್ನೋ...

ಯಾಕೆ ಹಾಗೆ ನೋಡ್ತೀಯ? ‘ನನ್ನ ಮೇಜಿನ ಮೇಲೆ ಯಾಕೆ ಇಟ್ಟ’ ಅಂತ ಕೇಳು. ಕೇಳಲ್ವಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ... ನಾನು ಬಂದಾಗಿಂದ ಹೆಗಲು ಮುಟ್ಟಿಕೊಳ್ತಾನೇ ಇದ್ದೀನಿ, ನಿನಗೆ ಕಾಣ್ತಿಲ್ವಾ?

ನಾನೇ ಅಕ್ಕ. ತಂದವನೂ ನಾನೇ, ಸೆಟ್ಟಿಂಗ್ ತಿರುಗಿಸಿದವನೂ ನಾನೇ, ಅಳಿಸಿದವನೂ ನಾನೇ. ‘ಅವರು, ಅವರು’ ಅಂದ್ನಲ್ಲ, ಅವರು ಯಾರೂ ಇಲ್ಲ. ಕುರ್ಚಿ ಸಿಕ್ಕಿದ್ದೂ ನನಗೇ. ಮಿಂಚು ಮೇಜಿನ ಮೇಲೆ ಕಾರ್ಡು ಬಿಸಾಕಿ ಬಂದೆ ಅಂದಿದ್ದೂ ಸುಳ್ಳು. ನೋಡು, ಜೇಬಲ್ಲೇ ಇದೆ. ಹಾಳೆ ಓದಿ ಹಿಂದಿನ ಮೆಟ್ಟಿಲಿನಿಂದ ಓಡಿ ಬಂದೆ.

ಹನ್ನೊಂದನೇ ಸಾಲು. ನಿನ್ನ ಫೋನ್ ನಂಬರ್.

ಏನಾದ್ರೂ ಅನ್ನು ಅಕ್ಕ... ಆಯ್ತು, ಇನ್ನೊಂದಿದೆ, ಅದನ್ನೂ ಹೇಳಿಬಿಡ್ತೀನಿ. ಇವತ್ತೇ ಗೊತ್ತಾಗಿದ್ದಲ್ಲ. ಆ ದಿನ ಹನ್ನೊಂದೂಕಾಲಿಗೆ ನೀನು ನನಗೆ ಫೋನ್ ಮಾಡಿದ್ದೆ, ನೆನಪಿದೆಯಾ? ಪಂದ್ಯದ ರೂಮಲ್ಲಿದ್ದೆ. ‘ಏನೂ ಇಲ್ಲವಂತೆ ಕಣೋ, ಕಂಕುಳಿನ ಗಂಟು ಸುಮ್ಮನೆ ಗಂಟಂತೆ’ ಅಂದೆ. ಅಳ್ತಿದ್ದೆ ನೀನು, ಖುಷಿಗೆ. ಆಮೇಲೆ ಅಂದೆ, ‘ಎಷ್ಟು ಬೇಗ ತೆರೀತು ಗೊತ್ತಾ! ಒತ್ತೋದೇ ತಡ, ಬಂದೇಬಿಡ್ತು!’ ನಾನು ಎಲ್ಲರ ಮುಂದೆ ಫೋನ್ ಎತ್ತಿ ಹಿಡಿದು ಕೂಗಿದೆ, ‘ನೋಡಿ, ನಮ್ಮಕ್ಕ ಹೇಳ್ತಿದ್ದಾರೆ! ಕಂಪ್ಯೂಟರ್ ಮುಟ್ಟದ ಹೆಂಗಸು ಹೇಳ್ತಿದ್ದಾರೆ!’ ಚಪ್ಪಾಳೆ ತಟ್ಟಿದ್ರು ಅಕ್ಕ. ಮಿಂಚು ಎದ್ದು ನಿಂತು ತಟ್ಟಿದ. ನಿನ್ನ ಆ ಒಂದು ಮಾತಿಗೇ ನಾನು ಗೆದ್ದಿದ್ದು.

ಮಧ್ಯಾಹ್ನ ತಪ್ಪು ಕಂಡಾಗ ನೀನೇ ನೆನಪಾದೆ. ಮೊದಲು ನೀನೇ. ಅಷ್ಟು ಬೇಗ ಬಂದಿದ್ದು ನಿನ್ನ ಪುಟ ಆಗಿರೋಕೆ ಸಾಧ್ಯವೇ ಇಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದ್ರೂ ಪಟ್ಟಿ ತೆರೆದು ನೋಡಲಿಲ್ಲ. ನೋಡದಿದ್ರೆ ಇಲ್ಲ ಅಂದ್ಕೊಂಡು... ನಾಲ್ಕು ತಿಂಗಳು ವಾರಕ್ಕೊಂದು ಸಲ ಬಂದು ನಿನ್ನ ಕೈ ಅಡುಗೆ ತಿಂದು ಹೋದೆ. ಅಸಹ್ಯ ಅಂದ್ನಲ್ಲ, ಅದು ನಾನೇ.

ಏಳು ಅಕ್ಕ, ಚಪ್ಪಲಿ ಹಾಕ್ಕೋ. ಈಗಲೇ ಡಾಕ್ಟರ ಹತ್ರ ಹೋಗೋಣ. ಬಟ್ಟೆ ಹಾಳಾಗಿ ಹೋಗ್ಲಿ, ನಾನೇ ಮನೆಮನೆಗೆ ವಾಪಸ್ ಕೊಟ್ಟು ಬರ್ತೀನಿ. ಏಳು ಅಂದೆ! ಯಾಕೆ ಕೂತೇ ಇದ್ದೀಯ? ಯಾವ ಲ್ಯಾಬ್ ಅಂತ ಕೇಳಲಿಲ್ಲ. ನಿಜಾನಾ ಅಂತ ಕೇಳಲಿಲ್ಲ. ಗಾಬರಿನೂ ಬೀಳಲಿಲ್ಲ...

ಏನಿದು? ಗುಂಡಿ ಡಬ್ಬದ ಕೆಳಗೆ ಏನಿಟ್ಟಿದ್ದೀಯ? ಕೊಡು.

ಆಸ್ಪತ್ರೆ ಚೀಟಿ. ಹೋದ ಬುಧವಾರದ್ದು. ‘ಸೋಮವಾರ ಬೆಳಿಗ್ಗೆ ದಾಖಲಾಗತಕ್ಕದ್ದು. ಶಸ್ತ್ರಚಿಕಿತ್ಸೆ...’ ಅಕ್ಕಾ. ಸೋಮವಾರ. ಅದಕ್ಕೇನಾ ಈ ರಾಶಿ? ಎಲ್ಲರ ಬಟ್ಟೆನೂ ಮುಗಿಸಿ ಕೊಟ್ಟು ಹೋಗೋಕೆ, ಎಡಗೈಲಿ ಕತ್ತರಿಸ್ಕೊಂಡು?

ಇನ್ನೊಂದು ಹಾಳೆ. ಲ್ಯಾಬ್‌ಗೆ ನೀನು ಕೊಟ್ಟ ದೂರಿನ ನಕಲು. ಅದಕ್ಕೇ ಅವರು ನಮ್ಮನ್ನ ಕೇಳಿದ್ದು, ಅದಕ್ಕೇ ತಾತ ಹುಡುಕಿದ್ದು... ಇಲ್ಲಿ ನಮ್ಮ ಕಂಪನಿ ಹೆಸರು ಇದೆ. ಹಾಗಾದ್ರೆ ನಿನಗೆ ಆಗಿನಿಂದ ಗೊತ್ತು. ನಾನು ಬಾಗಿಲಲ್ಲಿ ಕಾಲಿಟ್ಟಾಗ ಗೊತ್ತಿತ್ತು. ‘ಅವರು, ಅವರು’ ಅಂತ ಉಗೀತಿದ್ದಾಗಲೂ ಗೊತ್ತಿತ್ತು. ಸುಮ್ಮನೆ ಹೊಲೀತಾ ಕೂತು ಎಲ್ಲಾನೂ ಕೇಳಿಸ್ಕೊಂಡೆ.

ಕೊನೇಲಿ ಇದೇನು? ‘ಸದರಿ ಕಂಪನಿಯಲ್ಲಿ ನಿಮ್ಮ ಸಂಬಂಧಿಕರು ಯಾರಾದರೂ ಕೆಲಸದಲ್ಲಿದ್ದಾರೆಯೇ?’ ಮುಂದೆ ನಿನ್ನ ಕೈಬರಹ. ಎಡಗೈದು. ಸೊಟ್ಟ ಸೊಟ್ಟ.

‘ಯಾರೂ ಇಲ್ಲ.’

ನನ್ನನ್ನ ಉಳಿಸೋಕೆ ಬರೆದೆಯಾ ಅಕ್ಕ? ಅದಕ್ಕೇ ತಾನೇ? ಹೌದು ಅನ್ನು. ಇಲ್ಲಾಂದ್ರೆ ನಿಜವಾಗ್ಲೂ ನಾನು ನಿನಗೆ ಯಾರೂ...

ಮಷಿನ್ ತುಳೀಬೇಡ. ಅಕ್ಕಾ, ಒಂದು ನಿಮಿಷ ನಿಲ್ಲಿಸು. ನನ್ನ ಕಡೆ ನೋಡು. ಹೇಳಿ, ಆಮೇಲೆ ಹೊಲಿ...